ತಿರುಗುವ ಕುರ್ಚಿಯ ಡಾಕ್ಟರ್ ರಾಬರ್ಟ್ ಬಾರಾನಿ

ಕಳೆದ ವರ್ಷದವರೆಗೆ ನನಗೆ ರಾಬರ್ಟ್ ಬಾರಾನಿ ಯಾರೆಂದು ಗೊತ್ತಿರಲಿಲ್ಲ. ಕ್ವಿಜ್‌ಗಾಗಿ ನೊಬೆಲ್ ಪಟ್ಟಿ ಬಾಯಿಪಾಠ ಮಾಡುವಾಗ 1914ರ ವೈದ್ಯಕೀಯ ವಿಭಾಗದಲ್ಲಿ ಆ ಹೆಸರನ್ನು ಓದಿ ದಾಟಿದ್ದೆ, ಅಷ್ಟೆ. ಆ ಹೆಸರು ಮನಸ್ಸಿನಲ್ಲಿ ಉಳಿದದ್ದು ಒಂದು ಕುರ್ಚಿಯಿಂದ. ನಮ್ಮ ಆಪಾ ತನ್ನ ಎಂಟು ತಿಂಗಳ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದು ಆಸ್ಪತ್ರೆಯ ತಿರುಗುವ ಕುರ್ಚಿಯ ಮೇಲೆ ಕೂತಿದ್ದಳು. ಕೋಣೆಯ ದೀಪ ಕಡಿಮೆ ಮಾಡಿ, ಕುರ್ಚಿಯನ್ನು ನಿಧಾನವಾಗಿ ತಿರುಗಿಸುತ್ತಾ ಡಾಕ್ಟರು ಒಂದು ಸಣ್ಣ ಕ್ಯಾಮರಾದಲ್ಲಿ ಮಗುವಿನ ಕಣ್ಣನ್ನೇ ನೋಡುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಕಿವಿಯ ಪರೀಕ್ಷೆಗೆಂದು ಬಂದವರಿಗೆ ಕಣ್ಣನ್ನು ಯಾಕೆ ನೋಡುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಿದಾಗ ಡಾಕ್ಟರು, ಇಂಥ ಕುರ್ಚಿಗೆ ಬಾರಾನಿ ಕುರ್ಚಿ ಎನ್ನುತ್ತಾರೆ, ಕಿವಿಯ ಕೆಲಸವನ್ನು ಕಣ್ಣಲ್ಲಿ ಓದುವುದನ್ನು ಕಲಿಸಿದವರು ಅವರು ಎಂದರು.

ಊರಿಗೆ ಬಂದು ನಾನಾಗೆ ಆ ಹೆಸರು ಹೇಳಿದೆ. ಬಾರಾನ್ ಎಂದರೆ ಮಳೆ, ಬಾರಾನಿ ಎಂದರೆ ಮಳೆ ನಂಬಿದ ಹೊಲ ಎಂದು ಅವರು ನಕ್ಕರು. ನಮ್ಮ ದೇವದುರ್ಗದ ಹೊಲದವರಿಗೆ ಹಾಗೆ ಕೇಳಿಸುವುದು ಸಹಜ. ಆದರೆ ಈ ಬಾರಾನಿ ಹಂಗೇರಿ ಮೂಲದ ಮನೆತನದ ಹೆಸರು. ಹಂಗೇರಿಯನ್ ಭಾಷೆಯಲ್ಲಿ ಆ ಪದಕ್ಕೆ ಕುರಿಮರಿ ಎಂದು ಅರ್ಥವಂತೆ.

ಕತ್ತು ನಿಲ್ಲದ ಮಗು

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಇಲ್ಲದಿದ್ದರೆ ನೂರು ವರ್ಷದ ಹಿಂದಿನ ಯುರೋಪಿನ ಒಬ್ಬ ಕಿವಿ ಡಾಕ್ಟರ ಬಗ್ಗೆ ರಾಯಚೂರಿನ ಪಿಯುಸಿ ವಿದ್ಯಾರ್ಥಿ ಯಾಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು.

ಆಪಾಳನ್ನು ಮಾನ್ವಿಗೆ ಕೊಟ್ಟಿದೆ. ಹೆರಿಗೆಗೆ ದೇವದುರ್ಗದ ನಮ್ಮ ಮನೆಗೆ ಬಂದಳು. ಮಗು ಚೆನ್ನಾಗಿತ್ತು, ಹಾಲು ಕುಡಿಯುತ್ತಿತ್ತು, ಮುಖ ನೋಡಿ ನಗುತ್ತಿತ್ತು. ಆದರೆ ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಎತ್ತಿಕೊಂಡರೆ ತಲೆ ಒಂದು ಕಡೆ ವಾಲುತ್ತಿತ್ತು. ಬೋರಲು ಮಲಗಿಸಿದರೆ ಎರಡು ಕ್ಷಣ ತಲೆ ಎತ್ತಿ ಮತ್ತೆ ಚಾಪೆಗೆ ಮುಖ ಒರಗಿಸುತ್ತಿತ್ತು. ಸಾಮಾನ್ಯವಾಗಿ ಎರಡು ತಿಂಗಳ ಹೊತ್ತಿಗೆ ಬೋರಲು ಮಲಗಿದ ಮಗು ಸ್ವಲ್ಪ ತಲೆ ಎತ್ತುತ್ತದೆ, ನಾಲ್ಕು ತಿಂಗಳ ಸುಮಾರಿಗೆ ಆಸರೆಯಿಲ್ಲದೆ ತಲೆ ನಿಲ್ಲಿಸುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಆಪಾಳಿಗೆ ಮಾತ್ರ ಏನೋ ಸರಿಯಿಲ್ಲ ಎನ್ನಿಸಿತ್ತು.

ಅವಳು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಎಣ್ಣೆ ಹಚ್ಚಿ ಸರಿಯಾಗಿ ತಿಕ್ಕಿಲ್ಲ ಎಂದು ಒಬ್ಬರು, ಸದಾ ಜೋಳಿಗೆಯಲ್ಲೇ ಹಾಕಿಟ್ಟರೆ ಹೀಗೇ ಆಗುತ್ತದೆ ಎಂದು ಇನ್ನೊಬ್ಬರು. ಮಾನ್ವಿಯಿಂದ ಫೋನ್ ಬಂದಾಗಲೆಲ್ಲ ಅದೇ ಪ್ರಶ್ನೆ. ಒಂದು ಕ್ಲಿನಿಕ್‌ನಲ್ಲಿ ಎರಡು ನಿಮಿಷ ನೋಡಿ, ತೂಕ ಹೆಚ್ಚಿದರೆ ತಾನಾಗಿ ಸರಿಹೋಗುತ್ತದೆ ಎಂದು ಕಳಿಸಿಬಿಟ್ಟರು. ನಾನೂ ಪರೀಕ್ಷೆಯ ಗಡಿಬಿಡಿಯಲ್ಲಿ ಆಪಾ ಸುಮ್ಮನೆ ಹೆದರುತ್ತಾಳೆ ಎಂದುಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಆರು ತಿಂಗಳಾದಾಗ ಅಂಗನವಾಡಿಯಲ್ಲಿ ಒಂದು ಸ್ಟೀಲ್ ತಟ್ಟೆ ಕೈಜಾರಿ ಬಿತ್ತು. ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿದವು. ನಮ್ಮ ಮಗು ರೆಪ್ಪೆ ಸಹ ಮಿಟುಕಿಸಲಿಲ್ಲ. ಅದನ್ನು ಗಮನಿಸಿದ ಕಾರ್ಯಕರ್ತೆ ಕಿವಿ ಪರೀಕ್ಷೆ ಮಾಡಿಸಲೇಬೇಕು ಎಂದು ಹಟ ಹಿಡಿದರು. ಮಗುವಿಗೆ ಎರಡೂ ಕಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ರಾಯಚೂರಿನಲ್ಲಿ ತಿಳಿಯಿತು. ಮುಂದಿನ ಪರೀಕ್ಷೆಗೆ ದೂರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲೇ ಆ ಕುರ್ಚಿ ಇದ್ದದ್ದು. ಕುರ್ಚಿ ತಿರುಗಿದಾಗ ಮಗುವಿನ ಕಣ್ಣು ಹೇಗೆ ಓಡಾಡಬೇಕಿತ್ತೋ ಹಾಗೆ ಓಡಾಡಲಿಲ್ಲ. ಕೇಳಿಸುವ ಭಾಗದ ಜೊತೆಗೆ ಸಮತೋಲನದ ಭಾಗವೂ ದುರ್ಬಲವಾಗಿದೆ, ಕತ್ತು ತಡವಾಗಿ ನಿಲ್ಲಲು ಅದೇ ಕಾರಣ ಎಂದು ಡಾಕ್ಟರು ವಿವರಿಸಿದರು. ಆಪಾ ಅತ್ತಳು. ಆದರೆ ತಪ್ಪು ತನ್ನದಲ್ಲ ಎಂದು ಅವಳಿಗೆ ಮೊದಲ ಬಾರಿ ಯಾರೋ ಹೇಳಿದ್ದರು.

ಕುಂಟುವ ಹುಡುಗ ಡಾಕ್ಟರಾದ

ರಾಬರ್ಟ್ ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ರಂದು, ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ. ಯಹೂದಿ ಮನೆತನ. ಆರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಜಮೀನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ತಾಯಿ ಪ್ರಾಗ್ ನಗರದ ಒಬ್ಬ ವಿಜ್ಞಾನಿಯ ಮಗಳು. ಮನೆಯಲ್ಲಿ ಓದಿನ ವಾತಾವರಣ ಬಂದದ್ದು ಹೆಚ್ಚಾಗಿ ತಾಯಿಯಿಂದ.

ಚಿಕ್ಕವರಿದ್ದಾಗ ಅವರಿಗೆ ಮೂಳೆಯ ಕ್ಷಯ ಬಂತು. ಕ್ಷಯಕ್ಕೆ ಆಗ ಔಷಧವೇ ಇರಲಿಲ್ಲ. ಜೀವ ಉಳಿಯಿತು, ಆದರೆ ಒಂದು ಮೊಣಕಾಲು ಶಾಶ್ವತವಾಗಿ ಬಿಗಿದುಹೋಯಿತು. ಆ ಕಾಲಿಟ್ಟುಕೊಂಡೇ ಅವರು ಟೆನಿಸ್ ಆಡಿದರು, ಬೆಟ್ಟ ಹತ್ತಿದರು. ವೈದ್ಯರಾಗಬೇಕೆಂಬ ಆಸೆ ಮೊಳೆತದ್ದು ಈ ಕಾಯಿಲೆಯಿಂದಲೇ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಇಡೀ ಮನುಷ್ಯಕುಲ ಹೇಗೆ ಬೀಳದೆ ನಿಂತಿದೆ ಎಂದು ತಿಳಿಸಿಕೊಟ್ಟವರು ಸ್ವತಃ ಬಿಗಿದ ಕಾಲಿನಲ್ಲಿ ನಡೆದವರು ಎಂಬುದು ನನಗೆ ಬಹಳ ಹಿಡಿಸಿತು.

1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಕೆಲಕಾಲ ಜರ್ಮನಿಯ ಆಸ್ಪತ್ರೆಗಳಲ್ಲಿ ದೇಹದ ರೋಗಗಳನ್ನೂ ಮನಸ್ಸಿನ ರೋಗಗಳನ್ನೂ ಕಲಿತರು. ಮರಳಿ ಬಂದು 1903ರಲ್ಲಿ ವಿಯೆನ್ನಾದ ಪ್ರಸಿದ್ಧ ಕಿವಿ ಚಿಕಿತ್ಸಾಲಯ ಸೇರಿದರು. ಆಡಮ್ ಪೊಲಿಟ್ಸರ್ ಎಂಬ ಹಿರಿಯ ವೈದ್ಯರು ಅದರ ಮುಖ್ಯಸ್ಥರು. ಅಲ್ಲಿ ಬಾರಾನಿಯವರ ದಿನದ ಕೆಲಸಗಳಲ್ಲಿ ಒಂದು, ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವುದು.

ಹಂಡೆಯ ನೀರು ಹೇಳಿದ ಉತ್ತರ

ಕಿವಿ ತೊಳೆಸಿಕೊಂಡ ಕೆಲವರು ತಲೆ ತಿರುಗುತ್ತದೆ ಎಂದು ದೂರುತ್ತಿದ್ದರು. ಇದು ಎಲ್ಲ ಕಿವಿ ವೈದ್ಯರಿಗೂ ಗೊತ್ತಿದ್ದ ವಿಷಯ. ಹೌದು, ಸ್ವಲ್ಪ ಚಕ್ಕರ್ ಬರುತ್ತದೆ, ಕೂತು ಹೋಗಿ ಎಂದು ಹೇಳಿ ಮುಂದಿನ ರೋಗಿಯನ್ನು ಕರೆಯಬಹುದಿತ್ತು. ಬಾರಾನಿ ಹಾಗೆ ಮಾಡದೆ ದೂರಿದವರ ಕಣ್ಣನ್ನು ನೋಡಿದರು. ಕಣ್ಣುಗುಡ್ಡೆಗಳು ಒಂದು ಕಡೆಗೆ ಮೆಲ್ಲಗೆ ಜಾರಿ, ಇನ್ನೊಂದು ಕಡೆಗೆ ಸರಕ್ಕನೆ ಹಾರುತ್ತಿದ್ದವು. ಇದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ.

ಒಬ್ಬ ರೋಗಿ, ನೀರು ತಣ್ಣಗಿದ್ದಾಗಲೇ ತನಗೆ ತಲೆ ತಿರುಗುವುದು, ಬೆಚ್ಚಗಿದ್ದರೆ ಏನೂ ಆಗುವುದಿಲ್ಲ ಎಂದು ಹೇಳಿದ. ಮುಂದೆ ನೀರು ತೀರಾ ಬಿಸಿಯಾಗಿದ್ದಾಗ ಮತ್ತೆ ಕಣ್ಣು ಓಡಾಡಿತು, ಆದರೆ ಈ ಸಲ ತಿರುವುಮುರುವಾಗಿ. ತಣ್ಣೀರಿಗೆ ಒಂದು ದಿಕ್ಕು, ಬಿಸಿನೀರಿಗೆ ಅದರ ವಿರುದ್ಧ ದಿಕ್ಕು, ಮೈಯಷ್ಟೇ ಬೆಚ್ಚಗಿನ ನೀರಿಗೆ ಏನೂ ಇಲ್ಲ. ಅಂದರೆ ಕಾರಣ ನೀರಿನ ಒತ್ತಡವಲ್ಲ, ಅದರ ಉಷ್ಣತೆ.

ಉಷ್ಣತೆಯಿಂದ ತಲೆ ಯಾಕೆ ತಿರುಗಬೇಕು? ಇದರ ಉತ್ತರ ಅವರಿಗೆ ಹೊಳೆದದ್ದು ಸ್ನಾನದ ನೀರು ಕಾಯಿಸುವ ಒಲೆಯಿಂದ. ನಮ್ಮ ಕಡೆ ಹಂಡೆಯಲ್ಲಿ ನೀರು ಕಾಯಿಸುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕೆಳಗೆ ಕಾದ ನೀರು ಹಗುರಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಎಂಟನೇ ತರಗತಿಯ ಹೊತ್ತಿಗೇ ನಾವೆಲ್ಲ ಓದಿದ ಉಷ್ಣ ಸಂವಹನ ಇದೇ. ಕಿವಿಯ ಒಳಗೂ ದ್ರವ ತುಂಬಿದ ಸಣ್ಣ ನಳಿಕೆಗಳಿವೆ. ತಣ್ಣೀರು ಹಾಕಿದಾಗ ಆ ಕಡೆಯ ದ್ರವ ತಣಿದು ಇಳಿಯುತ್ತದೆ, ಬಿಸಿನೀರು ಹಾಕಿದಾಗ ಕಾದು ಏರುತ್ತದೆ. ದ್ರವ ಹರಿದರೆ, ತಲೆ ತಿರುಗಿದೆ ಎಂದು ಮೆದುಳಿಗೆ ಸುದ್ದಿ ಹೋಗುತ್ತದೆ. ತಲೆ ನಿಜವಾಗಿ ತಿರುಗಿರುವುದಿಲ್ಲ, ಆದರೆ ಸುದ್ದಿ ನಂಬಿದ ಕಣ್ಣು ಓಡಾಡತೊಡಗುತ್ತದೆ.

ಹೀಗೆ ಬಂದದ್ದು ಕ್ಯಾಲೊರಿಕ್ ಪರೀಕ್ಷೆ. 1906ರ ಸುಮಾರಿಗೆ ಬಾರಾನಿ ಇದನ್ನು ಪ್ರಕಟಿಸಿದರು. ತಲೆಬುರುಡೆಯ ಎಲುಬಿನೊಳಗೆ ಅಡಗಿರುವ ಅಂಗ ಬಲಗಡೆ ಸರಿಯಾಗಿದೆಯೋ ಎಡಗಡೆ ಸರಿಯಾಗಿದೆಯೋ ಎಂದು ಒಂದೊಂದೇ ಕಿವಿಯನ್ನು ಬೇರೆಬೇರೆಯಾಗಿ ಪರೀಕ್ಷಿಸಲು ಇದರಿಂದ ದಾರಿ ಸಿಕ್ಕಿತು. ಇಂದಿಗೂ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರಿನಿಂದ ಈ ಪರೀಕ್ಷೆ ಮಾಡುತ್ತಾರೆ. ಮೈಯ ಉಷ್ಣತೆ 37 ಡಿಗ್ರಿ. ಒಂದು ನೀರು ಅದಕ್ಕಿಂತ 7 ಡಿಗ್ರಿ ಕಡಿಮೆ, ಇನ್ನೊಂದು 7 ಡಿಗ್ರಿ ಹೆಚ್ಚು. ಐಸಿಯುವಿನಲ್ಲಿ ಮಿದುಳು ಕಾಂಡ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕಿವಿಗೆ ಮಂಜಿನಂಥ ನೀರು ಹಾಕಿ ಕಣ್ಣು ನೋಡುವುದೂ ಇದೇ ತತ್ವದಿಂದ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 1983ರಲ್ಲಿ ಸ್ಪೇಸ್‌ಲ್ಯಾಬ್ ಬಾಹ್ಯಾಕಾಶಯಾನದಲ್ಲಿ ಈ ಪರೀಕ್ಷೆ ಮಾಡಿ ನೋಡಿದರು. ತೂಕವೇ ಇಲ್ಲದ ಕಡೆ ಬಿಸಿ ದ್ರವ ಏರುವುದಿಲ್ಲ, ತಣ್ಣಗಿನದು ಇಳಿಯುವುದಿಲ್ಲ. ಆದರೂ ಕಣ್ಣು ಓಡಾಡಿತು. ಹಾಗಾದರೆ ಬಾರಾನಿಯವರ ಹಂಡೆಯ ವಿವರಣೆಯೊಂದೇ ಸಾಲದು, ಉಷ್ಣತೆಗೆ ಬೇರೆ ಪರಿಣಾಮವೂ ಇದೆ ಎಂದಾಯಿತು. ನೊಬೆಲ್ ಪಡೆದ ವಿವರಣೆಯನ್ನೂ ಮತ್ತೆ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಕ್ರಮ.

ಕಿವಿಯಲ್ಲಿ ಎರಡು ಮನೆ

ಕಿವಿ ಎಂದರೆ ಕೇಳುವುದಕ್ಕೆ ಎಂದಷ್ಟೇ ನಾನು ತಿಳಿದಿದ್ದೆ. ಲೈಬ್ರರಿಯ ಹಳೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಒಳಕಿವಿಯ ಚಿತ್ರವನ್ನು ನೋಡಿದ ಮೇಲೆ ಅಲ್ಲಿ ಎರಡು ಕೆಲಸ ನಡೆಯುತ್ತದೆ ಎಂದು ತಿಳಿಯಿತು. ಬಸವನ ಹುಳುವಿನ ಚಿಪ್ಪಿನಂತಿರುವ ಕಾಕ್ಲಿಯ ಕೇಳುವುದಕ್ಕೆ. ಅದರ ಪಕ್ಕದಲ್ಲಿ ಮೂರು ಅರ್ಧವೃತ್ತಾಕಾರದ ನಳಿಕೆಗಳು. ತರಗತಿಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಕೂಡುವಂತೆ, ಮೂರೂ ಒಂದಕ್ಕೊಂದು ಲಂಬವಾಗಿವೆ. ಹೌದೆಂದು ತಲೆ ಆಡಿಸಿದರೂ, ಇಲ್ಲವೆಂದು ಆಡಿಸಿದರೂ, ಭುಜದ ಕಡೆ ವಾಲಿಸಿದರೂ ಯಾವುದೋ ಒಂದು ನಳಿಕೆಯ ದ್ರವ ಅಲುಗಿ ಅದರೊಳಗಿನ ಸೂಕ್ಷ್ಮ ಕೂದಲಿನ ಕೋಶಗಳು ಬಾಗುತ್ತವೆ.

ನಳಿಕೆಗಳ ಬುಡದಲ್ಲಿ ಎರಡು ಸಣ್ಣ ಚೀಲಗಳಿವೆ. ಅವುಗಳ ಮೆತ್ತನೆಯ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಹರಳುಗಳಿರುತ್ತವೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನಲ್ಲಿ ಇರುವುದೂ ಮುಖ್ಯವಾಗಿ ಇದೇ ದ್ರವ್ಯ. ತಲೆ ವಾಲಿದರೆ ಈ ಹರಳುಗಳ ಭಾರ ಪದರವನ್ನು ಎಳೆಯುತ್ತದೆ, ನೆಲ ಯಾವ ಕಡೆ ಇದೆ ಎಂದು ಮೆದುಳಿಗೆ ತಿಳಿಯುತ್ತದೆ. ಗಬ್ಬೂರು ದಾಟಿದ ಮೇಲೆ ಬಸ್ಸು ಗುಂಡಿಗೆ ಇಳಿದಾಗ ಕಣ್ಣು ಮುಚ್ಚಿಕೊಂಡಿದ್ದರೂ ನಮಗೆ ಗೊತ್ತಾಗುತ್ತದಲ್ಲ, ಅದು ಈ ಹರಳುಗಳ ಕೆಲಸ.

ಒಂದು ಸುಲಭ ಪ್ರಯೋಗ ಮಾಡಿ ನೋಡಿ. ಈ ಪುಟವನ್ನು ಅಲುಗದಂತೆ ಹಿಡಿದು ತಲೆಯನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಆಡಿಸುತ್ತಾ ಓದಿ. ಅಕ್ಷರ ಕಾಣುತ್ತದೆ. ಈಗ ತಲೆ ನಿಲ್ಲಿಸಿ ಪುಟವನ್ನು ಅಷ್ಟೇ ವೇಗದಲ್ಲಿ ಆಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ತಿರುಗಿದಷ್ಟನ್ನೂ ಕಿವಿ ಅಳೆದು ಕಣ್ಣಿಗೆ ಹೇಳುತ್ತದೆ, ಕಣ್ಣು ಅಷ್ಟೇ ಹಿಂದಕ್ಕೆ ತಿರುಗಿ ನೋಟವನ್ನು ನಿಲ್ಲಿಸುತ್ತದೆ. ಪುಟ ತಿರುಗಿದರೆ ಕಿವಿಗೆ ಗೊತ್ತಾಗುವುದಿಲ್ಲ. ಆಪಾಳ ಮಗುವಿನ ಕಣ್ಣಿನಲ್ಲಿ ಡಾಕ್ಟರು ಹುಡುಕುತ್ತಿದ್ದದ್ದು ಈ ಸಂಬಂಧವನ್ನು.

ಕೈದಿಗೆ ಬಂದ ನೊಬೆಲ್

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬಿಗಿದ ಮೊಣಕಾಲಿನ ಬಾರಾನಿ ಸೈನ್ಯಕ್ಕೆ ಹೋಗಬೇಕಾದ ಅಗತ್ಯವಿರಲಿಲ್ಲ. ಆದರೂ ತಾವಾಗಿ ವೈದ್ಯರಾಗಿ ಸೇರಿದರು. ತಲೆಗೆ ಗುಂಡು ತಗುಲಿದವರ ಚಿಕಿತ್ಸೆ ಮಾಡಬೇಕು, ಮಿದುಳಿನ ಗಾಯ ಮತ್ತು ಸಮತೋಲನದ ಸಂಬಂಧ ತಿಳಿಯಬೇಕು ಎಂಬುದು ಅವರ ಉದ್ದೇಶ. ಅವರನ್ನು ಪ್ಶೆಮಿಶ್ಲ್ ಎಂಬ ಕೋಟೆಗೆ ಕಳಿಸಿದರು. ಈಗ ಅದು ಪೋಲೆಂಡಿನಲ್ಲಿದೆ. 1915ರ ಮಾರ್ಚಿನಲ್ಲಿ ಕೋಟೆ ರಷ್ಯನ್ನರ ವಶವಾಯಿತು, ಬಾರಾನಿ ಕೈದಿಯಾದರು.

ರೈಲಿನಲ್ಲಿ ಅವರನ್ನು ಮಧ್ಯ ಏಷ್ಯಾದ ಮರ್ವ್‌ಗೆ ಒಯ್ದರು. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರಬಹುದು. ರೇಷ್ಮೆ ಮಾರ್ಗದ ಮೇಲಿದ್ದ ಈ ಊರು ಒಂದು ಕಾಲಕ್ಕೆ ಇಸ್ಲಾಮಿ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ, ವಿದ್ಯಾಕೇಂದ್ರಗಳಲ್ಲಿ ಒಂದಾಗಿತ್ತು. 1221ರಲ್ಲಿ ಮಂಗೋಲರು ಅದನ್ನು ನಾಶ ಮಾಡಿದರು. ಇಂದು ತುರ್ಕ್‌ಮೆನಿಸ್ತಾನದಲ್ಲಿ ಅದರ ಅವಶೇಷಗಳಿವೆ.

ಅಲ್ಲಿ ಬಾರಾನಿಯವರಿಗೆ ಮಲೇರಿಯಾ ಬಂತು. ಆದರೂ ವೈದ್ಯ ಕೆಲಸ ಬಿಡಲಿಲ್ಲ. ತಮ್ಮ ಕಡೆಯ ಕೈದಿಗಳಿಗೂ, ತಮ್ಮನ್ನು ಹಿಡಿದಿಟ್ಟಿದ್ದ ರಷ್ಯನ್ನರಿಗೂ, ಊರಿನವರಿಗೂ ಕಿವಿಯ ಚಿಕಿತ್ಸೆ ಮಾಡಿದರು. ಹಾಗಿದ್ದಾಗಲೇ ಸುದ್ದಿ ಬಂತು. 1914ರ ವೈದ್ಯಕೀಯ ನೊಬೆಲ್ ಬಹುಮಾನವನ್ನು 1915ರಲ್ಲಿ ಘೋಷಿಸಿದ್ದರು. ಅದು ಮರ್ವ್ ಶಿಬಿರದಲ್ಲಿದ್ದ ಈ ಯುದ್ಧಕೈದಿಯ ಪಾಲಾಗಿತ್ತು. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್ ಕ್ರಾಸ್ ಪರವಾಗಿ ರಷ್ಯಾದೊಂದಿಗೆ ಮಾತಾಡಿ 1916ರಲ್ಲಿ ಅವರನ್ನು ಬಿಡಿಸಿದರು. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ ಅವರು ಬಹುಮಾನ ಸ್ವೀಕರಿಸಿದರು.

ಊರಿಗೆ ಹೂಮಾಲೆಯ ಸ್ವಾಗತ ಸಿಗಬೇಕಿತ್ತು. ಸಿಕ್ಕದ್ದು ಆರೋಪ. ತಮಗಿಂತ ಮೊದಲು ಕೆಲಸ ಮಾಡಿದವರ ಹೆಸರುಗಳನ್ನು ಬಾರಾನಿ ತಕ್ಕಷ್ಟು ಹೇಳಿಲ್ಲ ಎಂದು ವಿಯೆನ್ನಾದ ಸಹೋದ್ಯೋಗಿಗಳು ದೂರಿದರು. ನಳಿಕೆಗಳು ತಲೆಯ ತಿರುಗುವಿಕೆಯನ್ನು ಅಳೆಯುತ್ತವೆ ಎಂದು 1870ರ ದಶಕದಲ್ಲೇ ಯೋಸೆಫ್ ಬ್ರಾಯರ್, ಅರ್ನ್‌ಸ್ಟ್ ಮಾಖ್ ಮೊದಲಾದವರು ಹೇಳಿದ್ದು ನಿಜ. ಸ್ವೀಡನ್ನಿನ ಕಿವಿ ವೈದ್ಯರು ಬಾರಾನಿಯವರ ಪರ ನಿಂತರು. ಯಾರದು ಎಷ್ಟು ಸರಿ ಎಂದು ತೂಗುವ ಯೋಗ್ಯತೆ ನನಗಿಲ್ಲ. ಆದರೆ ಪ್ರಾಜೆಕ್ಟ್ ಬರೆಯುವಾಗ ಯಾರಿಂದ ಏನು ಪಡೆದೆವು ಎಂದು ಹೇಳಲು ಮರೆಯಬಾರದು ಎಂಬ ಪಾಠ ನನಗಂತೂ ಸಿಕ್ಕಿತು. ಬೇಸತ್ತ ಬಾರಾನಿ 1917ರಲ್ಲಿ ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದರು. ಮತ್ತೆ ವಿಯೆನ್ನಾದಲ್ಲಿ ನೆಲೆಸಲಿಲ್ಲ.

ಹಸುಗೂಸುಗಳ ಕತ್ತು ನೋಡಿದ ವಿಜ್ಞಾನಿ

ಉಪ್ಸಾಲಾದಲ್ಲಿ ಅವರು ಬರೆದ ಒಂದು ಲೇಖನದ ಬಗ್ಗೆ ಓದಿದಾಗ ನನಗೆ ರೋಮಾಂಚನವಾಯಿತು. 1918ರಲ್ಲಿ ಪ್ರಕಟವಾದ ಆ ಲೇಖನದ ವಿಷಯ ಆಗಷ್ಟೇ ಹುಟ್ಟಿದ ಮಕ್ಕಳ ಕಣ್ಣಿನ ಮತ್ತು ಕತ್ತಿನ ಸ್ನಾಯುಗಳ ಪ್ರತಿವರ್ತನೆಗಳು. ನೊಬೆಲ್ ಪಡೆದ ಮನುಷ್ಯ, ಯುದ್ಧ, ಸೆರೆ, ಆರೋಪ ಎಲ್ಲ ದಾಟಿ ಬಂದು ಹಸುಗೂಸಿನ ಕತ್ತು ಕಣ್ಣು ಹೇಗೆ ಆಡುತ್ತವೆ ಎಂದು ನೋಡುತ್ತಾ ಕೂತಿದ್ದರು.

ಅದರಲ್ಲಿ ನೋಡುವಂಥದ್ದು ಏನಿದೆ? ಬಹಳ ಇದೆ. ಒಳಕಿವಿಯ ಈ ಅಂಗ ತಾಯಿಯ ಹೊಟ್ಟೆಯಲ್ಲೇ ಬೆಳೆದು, ಹುಟ್ಟುವ ಹೊತ್ತಿಗೆ ದೊಡ್ಡವರಲ್ಲಿ ಇರುವಷ್ಟೇ ಗಾತ್ರದ್ದಾಗಿರುತ್ತದೆ. ಅಂದರೆ ಯಂತ್ರ ಸಿದ್ಧ. ಆದರೆ ಅದರ ಸುದ್ದಿಯನ್ನು ಓದಿ ಕತ್ತಿನ ಯಾವ ಸ್ನಾಯುವನ್ನು ಎಷ್ಟು ಎಳೆಯಬೇಕು ಎಂಬ ಲೆಕ್ಕ ಮೆದುಳಿಗೆ ಇನ್ನೂ ಬಂದಿರುವುದಿಲ್ಲ. ಅದನ್ನು ಮಗು ಮಾಡಿ ಮಾಡಿಯೇ ಕಲಿಯಬೇಕು. ಬೋರಲು ಮಲಗಿದ ಮಗು ತಲೆ ಎತ್ತುತ್ತದೆ, ಕಿವಿ ಸುದ್ದಿ ಕಳಿಸುತ್ತದೆ, ಕತ್ತು ನಡುಗುತ್ತದೆ, ತಲೆ ಬೀಳುತ್ತದೆ. ಮತ್ತೆ ಎತ್ತುತ್ತದೆ. ಪ್ರತಿ ಸಲ ಲೆಕ್ಕ ಸ್ವಲ್ಪ ಸರಿಯಾಗುತ್ತದೆ. ನಾವು ಆಟ ಎಂದುಕೊಳ್ಳುವುದು ಅದರ ಪಾಲಿಗೆ ಅಭ್ಯಾಸ. ಕತ್ತು ನಿಂತ ಮೇಲೆ ಬೆನ್ನು, ಬೆನ್ನಿನ ಮೇಲೆ ಕೂರುವುದು, ಆಮೇಲೆ ಅಂಬೆಗಾಲು, ನಿಲ್ಲುವುದು, ನಡೆಯುವುದು. ಎಲ್ಲಕ್ಕೂ ತಲೆಯೇ ಮೊದಲ ಮೆಟ್ಟಿಲು.

ಕಿವಿಯ ಸುದ್ದಿಯೇ ಬರದ ಮಗು ಏನು ಮಾಡಬೇಕು? ನಾನು ಡಾಕ್ಟರನ್ನು ಕೇಳಿದ್ದು ಇದನ್ನೇ. ಸಮತೋಲನಕ್ಕೆ ಮೆದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ ಎಂದು ಅವರು ತಿಳಿಸಿದರು. ಒಳಕಿವಿ, ಕಣ್ಣು, ಮತ್ತು ಸ್ನಾಯು ಕೀಲುಗಳು. ಒಂದು ಕಡೆಯದು ನಿಂತರೆ ಉಳಿದ ಎರಡನ್ನು ಹೆಚ್ಚು ಬಳಸಲು ಮೆದುಳು ಕಲಿಯುತ್ತದೆ. ತಡವಾಗುತ್ತದೆ, ಕತ್ತಲಲ್ಲಿ ತೊಂದರೆಯಾಗುತ್ತದೆ, ಆದರೆ ಕಲಿಯುತ್ತದೆ. ಹುಟ್ಟಿನಿಂದಲೇ ಕಿವಿ ಕೇಳದ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ಕೇಳುವ ಭಾಗವೂ ಸಮತೋಲನದ ಭಾಗವೂ ಒಂದೇ ಎಲುಬಿನ ಗೂಡಿನಲ್ಲಿ ಇರುವುದರಿಂದ ಕೆಲವರಲ್ಲಿ ಎರಡೂ ಕೂಡಿಯೇ ದುರ್ಬಲವಾಗಿರುತ್ತವೆ. ಅಂಥ ಮಕ್ಕಳ ಕತ್ತು ತಡವಾಗಿ ನಿಲ್ಲುತ್ತದೆ, ನಡಿಗೆಯೂ ತಡ.

ಅಲ್ಲಿಂದ ನಮ್ಮ ಮನೆಯಲ್ಲಿ ಕೆಲಸ ಶುರುವಾಯಿತು. ಮಗು ಎಚ್ಚರವಾಗಿದ್ದಾಗ ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ ಹೊತ್ತು, ಚಾಪೆಯ ಮೇಲೆ ಬೋರಲು ಮಲಗಿಸುವುದು. ಎದುರಿಗೆ ಒಬ್ಬರು ಮಲಗಿ ಮುಖ ತೋರಿಸುವುದು. ಬಣ್ಣದ ಬಳೆಗಳನ್ನು ಮೆಲ್ಲಗೆ ಆಚೆ ಈಚೆ ಸರಿಸುವುದು. ಎದೆಗೊರಗಿಸಿ ಎತ್ತಿಕೊಂಡು ಮನೆಯೆಲ್ಲ ಸುತ್ತುವುದು. ಮಗುವನ್ನು ಗಟ್ಟಿಯಾಗಿ ಅಲುಗಿಸುವುದು, ಗಾಳಿಗೆ ಎಸೆದು ಹಿಡಿಯುವುದು ಮಾತ್ರ ಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಎಳೆಯ ಮಗುವಿನ ತಲೆಯನ್ನು ಜೋರಾಗಿ ಅಲುಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಮಲಗಿಸುವಾಗ ಅಂಗಾತವಾಗಿಯೇ ಮಲಗಿಸಬೇಕು.

ನಾನಿ ಜೋಳಿಗೆಯನ್ನು ಬಿಚ್ಚಿಹಾಕಲು ಹೊರಟಿದ್ದರು. ಅದರ ಅಗತ್ಯವಿರಲಿಲ್ಲ. ಸಾವಿರ ವರ್ಷದ ಹಿಂದೆಯೇ ಇಬ್ನ್ ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಕೂಸನ್ನು ಮೆಲ್ಲಗೆ ತೂಗುವುದೂ ಜೋಗುಳ ಹಾಡುವುದೂ ಒಳ್ಳೆಯದೆಂದು ಬರೆದಿದ್ದಾರೆ. ಮಗು ತಾನಾಗಿ ಮುಂದಾಗುವ ಮೊದಲು ಕೂರಿಸಲು, ನಡೆಸಲು ಒತ್ತಾಯ ಮಾಡಬಾರದು ಎಂದೂ, ಅಂಬೆಗಾಲಿಡುವ ಮಗುವಿಗೆ ನುಣುಪಾದ ಹಾಸು ಇರಬೇಕೆಂದೂ ಹೇಳಿದ್ದಾರೆ. ಇದನ್ನು ಹೇಳಿದಾಗ ನಾನಿಗೆ ಸಮಾಧಾನವಾಯಿತು. ಜೋಳಿಗೆಯೂ ಇರಲಿ, ಚಾಪೆಯೂ ಇರಲಿ ಎಂದು ತೀರ್ಮಾನವಾಯಿತು.

ನಾನಿಯ ಒಂದು ವಿಷಯವೂ ಬಾರಾನಿಯವರ ಬರಹದಲ್ಲಿ ಇತ್ತು. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಅವರಿಗೆ ಕೋಣೆಯೇ ತಿರುಗಿದಂತಾಗುತ್ತದೆ. 1921ರಲ್ಲಿ ಬಾರಾನಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದು, ತೊಂದರೆ ಹರಳುಗಳ ಭಾಗದಲ್ಲಿರಬೇಕು ಎಂದು ಊಹಿಸಿದ್ದರು. ಹರಳುಗಳು ಜಾರಿ ನಳಿಕೆಯೊಳಗೆ ಹೋಗುವುದರಿಂದ ಹೀಗಾಗುತ್ತದೆ ಎಂದು ಇಂದಿನ ವೈದ್ಯರು ಹೇಳುತ್ತಾರೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ಸ್ವಸ್ಥಾನಕ್ಕೆ ಮರಳಿಸುವ ಚಿಕಿತ್ಸೆಯೂ ಇದೆ.

ಕೊನೆಯ ದಿನಗಳು

ಉಪ್ಸಾಲಾದಲ್ಲಿ ಬಾರಾನಿ ಕಿವಿ ವಿಭಾಗದ ಮುಖ್ಯಸ್ಥರಾಗಿ, ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು. ಪತ್ನಿ ಮತ್ತು ಮೂವರು ಮಕ್ಕಳ ಸಂಸಾರ ಅಲ್ಲೇ ನೆಲೆಯಾಯಿತು. ಅವರಿಗೆ ಅರವತ್ತು ತುಂಬಲು ಕೆಲವೇ ದಿನಗಳಿದ್ದಾಗ, 1936ರ ಏಪ್ರಿಲ್ 8ರಂದು ತೀರಿಕೊಂಡರು. 1960ರಲ್ಲಿ ಸಮತೋಲನದ ಬಗ್ಗೆ ಸಂಶೋಧನೆ ಮಾಡುವವರು ಬಾರಾನಿ ಸೊಸೈಟಿ ಎಂಬ ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಪೈಲಟ್‌ಗಳ ತರಬೇತಿಯಲ್ಲೂ ಕಿವಿ ಆಸ್ಪತ್ರೆಗಳಲ್ಲೂ ಅವರ ಹೆಸರಿನ ಕುರ್ಚಿ ಇನ್ನೂ ತಿರುಗುತ್ತಿದೆ.

ಅವರ ಜೀವನದಲ್ಲಿ ದೊಡ್ಡ ದೊಡ್ಡ ಘಟನೆಗಳಿವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ವಿಯೆನ್ನಾದ ಆ ಚಿಕ್ಕ ಕೋಣೆ. ರೋಗಿಯೊಬ್ಬ ನೀರು ತಣ್ಣಗಿದೆ ಎಂದು ದೂರಿದ, ಡಾಕ್ಟರು ಅದನ್ನು ಕಿವಿಗೆ ಹಾಕಿಕೊಂಡರು. ಅಷ್ಟರಿಂದ ಒಂದು ಶಾಸ್ತ್ರ ಬೆಳೆಯಿತು. ನಮ್ಮ ಮನೆಯಲ್ಲಿ ಆಪಾ ಮೂರು ತಿಂಗಳು ದೂರಿದಳು, ನಾವು ಕೇಳಲಿಲ್ಲ. ನಮ್ಮ ಮಗುವಿನ ಕಿವಿ ಕೇಳುತ್ತಿರಲಿಲ್ಲ ನಿಜ. ಆದರೆ ಕಿವಿ ಸರಿಯಿದ್ದ ನಾವೂ ಕೇಳಿರಲಿಲ್ಲ.

ಆದ್ದರಿಂದ ಗೆಳೆಯರೆ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಳೆಯ ಮಗುವಿದ್ದರೆ ಎರಡು ವಿಷಯ ಗಮನಿಸಿ. ಶಬ್ದಕ್ಕೆ ಅದು ಬೆಚ್ಚುತ್ತದೆಯೇ, ನಾಲ್ಕು ತಿಂಗಳು ದಾಟಿದರೂ ತಲೆ ವಾಲುತ್ತದೆಯೇ. ಸಂದೇಹವಿದ್ದರೆ ತಾಯಿಯನ್ನು ದೂರಬೇಡಿ, ಪರೀಕ್ಷೆಗೆ ಕರೆದೊಯ್ಯಿರಿ. ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ಕಿವಿ ಮತ್ತು ಮಾತಿನ ತೊಂದರೆಗಳಿಗಾಗಿಯೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇಗ ತಿಳಿದಷ್ಟೂ ಮಗುವಿಗೆ ಕಲಿಯಲು ಸಮಯ ಹೆಚ್ಚು ಸಿಗುತ್ತದೆ.

ನಮ್ಮ ಮಗುವಿಗೆ ಒಂಬತ್ತು ತಿಂಗಳಿಗೆ ಕತ್ತು ನಿಂತಿತು. ಹದಿಮೂರಕ್ಕೆ ಆಸರೆಯಿಲ್ಲದೆ ಕೂತಳು. ಈಗ ಇಪ್ಪತ್ತು ತಿಂಗಳು. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿದ್ದೇವೆ, ಮುಂದಿನ ಚಿಕಿತ್ಸೆಯ ಮಾತುಕತೆ ನಡೆದಿದೆ. ಹೋದ ಭಾನುವಾರ ಮಾನ್ವಿಗೆ ಹೋಗಿದ್ದೆ. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ನನ್ನ ಕಡೆ ಬಂದಳು. ಐದನೆಯದಕ್ಕೆ ಬಿದ್ದಳು. ಯಾರೂ ಓಡಿಹೋಗಿ ಎತ್ತಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿದಳು, ತಲೆ ಎತ್ತಿದಳು, ಮತ್ತೆ ಏಳಲು ಶುರು ಮಾಡಿದಳು.